ಲಂಕೆಗೆ ಹೋಗಿ ಬಂದ ಸೀರೆ

ಚಳ್ಳಕೆರೆ, ಮೊಳಕಾಲ್ಮೂರು: ಹೊರಡುವ ಮುಂಚೆ

ವಿಮಾನ ಹತ್ತದೆ ವಿದೇಶಕ್ಕೆ ಹೋಗಿ ಬರುತ್ತೇನೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ನಂಬಲಿಲ್ಲ. ನಾನು ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಹೊಗೆ, ಪ್ಲಾಸ್ಟಿಕ್ಕು, ಬತ್ತಿದ ಬೋರ್‌ವೆಲ್ಲು ಎಂದು ವರ್ಷವಿಡೀ ಮಕ್ಕಳ ತಲೆ ತಿನ್ನುತ್ತೇನೆ. ಈ ಸಲದ ಬೇಸಿಗೆ ರಜೆಯನ್ನು ಭೂಮಿಗೆ ಭಾರವಾಗದಂತೆ ಕಳೆಯಬೇಕೆಂದು ಹಟ ಹುಟ್ಟಿತು. ರೈಲು, ಬಸ್ಸು, ಹಡಗು, ಅಷ್ಟೇ. "ಜಿಪುಣತನಕ್ಕೆ ಪರಿಸರ ಅಂತ ಹೆಸರಿಟ್ಟಿದೀರಲ್ಲ ಮೇಡಂ," ಎಂದರು ಗಣಿತದ ಮೇಷ್ಟ್ರು. "ಎರಡೂ ಒಂದೇ ಟಿಕೆಟ್ಟಿಗೆ ಆಗುತ್ತಲ್ಲ ಸಾರ್, ನಿಮಗ್ಯಾಕೆ ಹೊಟ್ಟೆಯುರಿ," ಎಂದೆ. ನನಗೆ ಯಾರಾದರೂ ಬೇಡ ಎಂದರೆ ಸಾಕು, ಆ ಕೆಲಸ ಆದಂತೆಯೇ. ಈ ಗುಣ ನನಗೆ ಎಲ್ಲಿಂದ ಬಂತೆಂದು ಈ ಪ್ರವಾಸದಲ್ಲಿ ಗೊತ್ತಾಯಿತು.

ನಮ್ಮ ಮನೆಯವರು ಹಡಗು ಎಂದ ಕೂಡಲೇ ಕೈ ಮುಗಿದುಬಿಟ್ಟರು. ಒಬ್ಬಳೇ ಹೋಗುವುದೆಂದು ತೀರ್ಮಾನಿಸಿ, ಸಂಕ್ರಾಂತಿ ಕಳೆದ ಮೇಲೆ ಅವ್ವನಿಗೆ ಹೇಳಿ ಬರಲು ಮೊಳಕಾಲ್ಮೂರಿಗೆ ಹೋದೆ. ಅಪ್ಪ ತೀರಿಕೊಂಡ ಮೇಲೂ ನಮ್ಮ ಮನೆಯ ಮಗ್ಗ ನಿಂತಿಲ್ಲ. ಚಿಕ್ಕಪ್ಪ ನೇಯುತ್ತಾರೆ, ಅವ್ವ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಾಳೆ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣವಿರುವ ನಮ್ಮ ರೇಷ್ಮೆ ಸೀರೆಗೆ ಎರಡು ಜೋಡಿ ಕೈ ಬೇಕು.

"ಯಾವೂರಿಗೆ ಹೋಗ್ತೀಯಾ?" ಎಂದು ಲಾಳಿ ನಿಲ್ಲಿಸದೆಯೇ ಕೇಳಿದಳು.

"ಶ್ರೀಲಂಕಾಕ್ಕೆ."

"ರಾವಣನ ಲಂಕೆಗಾ?"

ಈಗ ಲಾಳಿ ನಿಂತಿತು. ನಮ್ಮ ತಾಲ್ಲೂಕಿನವರಿಗೆ ರಾವಣ ದೂರದವನಲ್ಲ. ಸೀತೆಯನ್ನು ಹೊತ್ತುಕೊಂಡು ಹೋಗುವಾಗ ಅಡ್ಡ ಬಂದ ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ನಮ್ಮ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಎಂದು ನಮ್ಮ ಕಡೆಯ ನಂಬಿಕೆ. ಅವ್ವ ಆ ಬೆಟ್ಟವನ್ನು ಎಷ್ಟು ಸಲ ಹತ್ತಿದ್ದಾಳೋ ಅವಳಿಗೇ ಗೊತ್ತಿಲ್ಲ.

"ಹಕ್ಕಿ ಬಿದ್ದ ಜಾಗ ನೋಡೀನಿ, ಕದ್ದೋನ ಊರು ನೋಡಿಲ್ಲ. ನಾನೂ ಬರ್ತೀನಿ," ಎಂದಳು.

ವಿಮಾನ ಇಲ್ಲ, ಸಮುದ್ರದಲ್ಲಿ ಹೋಗಬೇಕು, ವಾಂತಿ ಬರುತ್ತದೆ ಎಂದೆಲ್ಲ ಹೆದರಿಸಿದೆ. "ರಾವಣ ವಿಮಾನದಾಗೆ ಹೋದ, ಪಾಪ ಆ ಹಕ್ಕಿ ರೆಕ್ಕೆ ಕಳ್ಕಂತು. ನಾವು ನೀರ್ ಮೇಲೆ ಹೋಗಣ. ಯಾವ ಹಕ್ಕಿಗೂ ತೊಂದ್ರೆ ಇಲ್ಲ," ಎಂದಳು. ಇಷ್ಟು ಚೆನ್ನಾಗಿ ಈ ಪಾಠವನ್ನು ನಾನೇ ಯಾವತ್ತೂ ಮಾಡಿರಲಿಲ್ಲ. ಅವಳ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ಹೊರಡುವ ದಿನ ಅವ್ವ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ಗಂಟನ್ನು ಅವಳು ತಳದಲ್ಲಿಟ್ಟಳು. ಅದರೊಳಗೆ ಏನಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ಅವ್ವ ಇಬ್ಬರೂ ಸೇರಿ ನೇಯ್ದ ಹಸಿರೊಡಲು ಕೆಂಪಂಚಿನ ಸೀರೆ ಅದು. ಅದು ಮಗ್ಗದಿಂದ ಇಳಿದ ವರ್ಷವೇ ಅಪ್ಪ ಹೋದರು. ಹೀಗಾಗಿ ಅವ್ವ ಅದನ್ನು ಒಮ್ಮೆಯೂ ಉಟ್ಟಿಲ್ಲ. ಆಗಾಗ ತೆಗೆದು ಮಡಿಕೆ ಬದಲಿಸಿ ಮತ್ತೆ ಇಡುತ್ತಾಳೆ, ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ.

"ಅತ್ತಿಗೆ, ಅದ್ಯಾಕ್ರಿ ಅಲ್ಲಿಗೆ?" ಎಂದರು ಚಿಕ್ಕಪ್ಪ. "ನೀವು ಉಡಂಗಿಲ್ಲ, ತೊಡಂಗಿಲ್ಲ. ನಮ್ಮುಡುಗನ ಮದ್ವೆ ಮುಂದೈತೆ. ಬರೋ ಸೊಸೆಗೆ ಮುಹೂರ್ತಕ್ಕೆ ಕೊಡ್ರಿ ಅಂತ ಹೇಳಿದ್ನಲ್ಲ. ಮನೇದು ಮನೇಲೇ ಇರ್ತೈತೆ."

"ಕೊಡಲ್ಲ ಅಂದ್ನಾ ತಿಪ್ಪೇಸಿ? ಬಂದ್ಮೇಲೆ ನೋಡಣ," ಎಂದು ಅವ್ವ ಬ್ಯಾಗಿನ ಜಿಪ್ ಎಳೆದಳು.

ಗಂಡ ಹೋದವಳು ಕೆಂಪಂಚು ಉಡಬಾರದೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಅಗತ್ಯವೇ ಬೀಳದಂತೆ ನೋಡುತ್ತಾರೆ, ಅಷ್ಟೇ. ನನಗೆ ಆಗಲೇ ಮೈ ಉರಿದಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು.

ಹಡಗು

ತಮಿಳುನಾಡಿನ ನಾಗಪಟ್ಟಣದ ಹಡಗುಕಟ್ಟೆಯಲ್ಲಿ ಬ್ಯಾಗು ತಪಾಸಣೆ. ಅವ್ವನ ಬ್ಯಾಗಿನಿಂದ ಮೊದಲು ಸಜ್ಜೆ ರೊಟ್ಟಿಯ ಕಟ್ಟು ಬಂತು, ಆಮೇಲೆ ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿ. ಪುಡಿಯನ್ನು ತಪಾಸಣೆಯ ಹುಡುಗ ಮೂಸಿ ನೋಡಿ ಸೀನಿದ. ಮೂರನೆಯದಾಗಿ ಬಿಳಿ ಗಂಟಿಗೆ ಕೈ ಹಾಕಿದ. "ಚೇತುಲು ಕಡುಕ್ಕೋ ನಾಯನಾ," ಎಂದಳು ಅವ್ವ. ಕೈ ತೊಳೆದುಕೊಳ್ಳಪ್ಪ ಎಂದು. ಮೊಳಕಾಲ್ಮೂರಿನಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಆಂಧ್ರ. ಅವ್ವನ ಪ್ರಕಾರ ಕನ್ನಡ ಬಾರದವರೆಲ್ಲರಿಗೂ ತೆಲುಗು ಬರಲೇಬೇಕು. ಆ ತಮಿಳು ಹುಡುಗನಿಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಪ್ಯಾಂಟಿಗೆ ಕೈ ಒರೆಸಿಕೊಂಡು, ಎರಡು ಬೆರಳಲ್ಲಿ ಪಂಚೆ ಸರಿಸಿ, ಒಳಗಿನ ಹಸಿರು ಕೆಂಪು ನೋಡಿ, ಹಾಗೇ ಮುಚ್ಚಿ ಕೊಟ್ಟ.

ಸಮುದ್ರದಲ್ಲಿ ವಾಂತಿ ಮಾಡಿಕೊಂಡವಳು ನಾನು. ನೆಲ ಕಾಣದಾದದ್ದೇ ತಡ, ಹೊಟ್ಟೆ ತೊಳಸಿ ಬಂತು. ಅವ್ವ ಕಿಟಕಿ ಪಕ್ಕ ಕಾಲು ಮಡಚಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಪಕ್ಕದ ಸೀಟಿನವರಿಗೂ ಚಟ್ನಿಪುಡಿ ಹಂಚಿದಳು. ನನ್ನ ಬೆನ್ನು ಸವರುತ್ತಾ, "ಹಡಗು ನಿಂದೇ ಆಸೆ, ವಾಂತೀನೂ ನಿಂದೇ," ಎಂದಳು. ವಿಮಾನದಲ್ಲಿ ಬಂದಿದ್ದರೆ ಈ ಮಾತು ಕೇಳುವುದು ತಪ್ಪುತ್ತಿತ್ತು. ಆದರೂ ನಾನು ಸೋಲಲಿಲ್ಲ, ನಿಂಬೆಹಣ್ಣು ಮೂಸುತ್ತಾ ಕೂತೆ.

ದಡ ಹತ್ತಿರವಾದಾಗ ಅವ್ವ ಸಣ್ಣ ದನಿಯಲ್ಲಿ ಹೇಳಿದಳು. "ತಿಪ್ಪೇಸಿ ಸೊಸೆಗೆ ಕೊಡೋಕೆ ಮುಂಚೆ ಆ ಸೀರೆ ಒಂದ್ಸಲ ಉಡ್ತೀನಿ ಕಣೇ. ನಮ್ಮೋರು ಯಾರೂ ಇಲ್ಲದ ಊರಾಗೆ. ಒಂದ್ಸಲ ಉಟ್ಟು, ಮಡಿಚಿ, ಕೊಟ್ಬಿಡ್ತೀನಿ."

ರಾವಣನ ಊರು ನೋಡುವ ಆಸೆ ಸುಳ್ಳಲ್ಲ. ಆದರೆ ಅವಳು ಸಮುದ್ರ ದಾಟಿದ್ದು ಇದಕ್ಕೆ.

ಜಾಫ್ನಾದಿಂದ ಮೇಲಕ್ಕೆ

ಲಂಕೆಯ ಬಸ್ಸುಗಳಲ್ಲಿ ಡ್ರೈವರನ ಬೆನ್ನ ಹಿಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು. ನಮ್ಮ ಬಸ್ಸುಗಳಲ್ಲಿ ಹೆಂಗಸರಿಗೆ, ಅಂಗವಿಕಲರಿಗೆ ಬರೆದಿರುವ ಹಾಗೆ ಅಲ್ಲಿಯೂ ಬರೆದಿರುತ್ತಾರೆ, ಸಿಂಹಳದಲ್ಲಿ. ಅವ್ವ ನೇರ ಹೋಗಿ ಅಲ್ಲಿಯೇ ಕೂತಳು. ಎರಡು ಊರು ದಾಟಿದ ಮೇಲೆ ಕಾವಿಯುಟ್ಟ ಎಳೆಯ ಭಿಕ್ಷುವೊಬ್ಬ ಹತ್ತಿದ. ಹೆಂಗಸಿನ ಪಕ್ಕ ಅವನು ಕೂರುವ ಹಾಗಿಲ್ಲ, ವಯಸ್ಸಾದವಳನ್ನು ಏಳಿಸುವ ಮನಸ್ಸೂ ಇಲ್ಲ. ಕಂಬಿ ಹಿಡಿದು ನಿಂತೇ ಇದ್ದ. ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ಕಂಡಕ್ಟರ್ ನನಗೆ ಹೇಳಿದ, ನಾನು ಅವ್ವನಿಗೆ ಹೇಳಿದೆ.

"ಎಲ್ಲಾ ಬಿಟ್ಟೋನಿಗೆ ಸೀಟ್ಯಾಕೆ?" ಎಂದಳು.

ಅದನ್ನು ನಾನು ಕಂಡಕ್ಟರನಿಗೆ ದಾಟಿಸಲಿಲ್ಲ. ಅವ್ವ ಎದ್ದು ಹಿಂದೆ ಬಂದಳು, ಆ ಹುಡುಗ ತಲೆ ಬಾಗಿಸಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಅವ್ವ, "ಪಾಪ, ಅವನೂ ಯಾರೋ ಹೇಳ್ದಂಗೆ ಕೇಳ್ಬೇಕಲ್ಲ," ಎಂದಳು. ಡ್ರೈವರ್ ಹಾಡು ಜೋರು ಮಾಡಿದ. ಆ ಸದ್ದಿನಲ್ಲಿ ನಮ್ಮ ಮದುವೆ ಮನೆಯ ಬ್ಯಾಂಡು ಕೂಡ ಕೇಳಿಸಲಿಕ್ಕಿಲ್ಲ.

ಕ್ಯಾಂಡಿಯಲ್ಲಿ ಬಸ್ಸು ಬದಲಿಸಿ ಮೇಲೆ ಮೇಲೆ ಹೋದಂತೆ ಚಳ್ಳಕೆರೆಯ ಬಿಸಿಲು ಮೈಯಿಂದ ಇಳಿಯಿತು. ಎತ್ತ ನೋಡಿದರೂ ಚಹಾ ತೋಟ. ನಮ್ಮ ಬಯಲಿನಲ್ಲಿ ಹುಟ್ಟಿದವರಿಗೆ ಅಷ್ಟು ಹಸಿರು ಕಂಡರೆ ಮೊದಲು ಸಂತೋಷ, ಆಮೇಲೆ ಅನುಮಾನ. "ಒಂದು ಬೇಲಿನೂ ಇಲ್ಲ, ಒಂದು ಕುರಿನೂ ಇಲ್ಲ. ಇಷ್ಟೊಂದು ಸೊಪ್ಪನ್ನ ಯಾರೂ ಮೇಯಲ್ವಾ?" ಎಂದಳು ಅವ್ವ.

ಹಪುತಲೆ: ಬೆಟ್ಟದ ಮನೆ

ನಾನು ಹುಡುಕಿ ಹಿಡಿದಿದ್ದ ವಸತಿ ಹಪುತಲೆ ಎಂಬ ಬೆಟ್ಟದ ಊರಿನಿಂದಾಚೆ ಒಂದು ಇಳಿಜಾರಿನಲ್ಲಿತ್ತು. ಸೂರ್ಯನಿಂದ ದೀಪ, ಮಳೆಯಿಂದ ನೀರು, ಅಂಗಳದಿಂದ ತರಕಾರಿ. ನಡೆಸುವವನು ಡೆನ್ಮಾರ್ಕಿನ ಲಾರ್ಸ್ ಎಂಬ ಎತ್ತರದ ಮನುಷ್ಯ. ಅಡುಗೆಗೆ ಅಲ್ಲಿನ ತೋಟದ ತಮಿಳು ಹೆಂಗಸು ಸೆಲ್ವಿ. ಬರಿಗಾಲಲ್ಲಿ ಓಡಾಡುವ ಲಾರ್ಸ್ ಮಾತು ಮಾತಿಗೆ ಎದೆಯ ಮೇಲೆ ಕೈಯಿಡುತ್ತಿದ್ದ. ನಾನು ಅವನನ್ನು ಮೆಚ್ಚಿಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಬಾಯಲ್ಲಿ ಪಾಠ ಮಾಡುವ ನನ್ನಂಥವಳಿಗೆ ಅದನ್ನೇ ಬದುಕುತ್ತಿರುವವನು ಸಿಕ್ಕಿದ್ದ.

ಪ್ರಾಣಿಗಳಿಂದ ಬಂದದ್ದು ಯಾವುದೂ ಇಲ್ಲಿಲ್ಲ ಎಂದು ಅವರ ಜಾಹೀರಾತಿನಲ್ಲೇ ಇತ್ತು. ಮೊಟ್ಟೆ, ಮಾಂಸ ಇರಲಿಕ್ಕಿಲ್ಲ ಎಂದುಕೊಂಡು ಸಂತೋಷವಾಗಿಯೇ ಒಪ್ಪಿದ್ದೆ. ಗೇಟಿನಲ್ಲೇ ನನ್ನ ಚರ್ಮದ ಚಪ್ಪಲಿ ಬಿಚ್ಚಿಸಿ ಒಂದು ಪೆಟ್ಟಿಗೆಗೆ ಹಾಕಿದಾಗ ಒಪ್ಪಿದ್ದು ಏನೆಂದು ತಿಳಿಯಿತು. ಅವ್ವನ ಹವಾಯಿ ಚಪ್ಪಲಿ, ಕಿತ್ತ ಬಾರಿಗೆ ಪಿನ್ನು ಚುಚ್ಚಿದ್ದು, ರಾಜಮರ್ಯಾದೆಯಿಂದ ಒಳಗೆ ಹೋಯಿತು. ಅವ್ವ ಅದನ್ನು ಗಮನಿಸಿದಳು.

ಬಾಯಿಬಿಟ್ಟದ್ದು ಚಹಾ ಬಂದಾಗ. ಸುತ್ತ ಮೂರು ಬೆಟ್ಟದ ತುಂಬ ಚಹಾ ಗಿಡ, ಲೋಟದಲ್ಲಿ ಹಾಲಿಲ್ಲದ ಕರಿ ನೀರು. "ಹಸು ಏನಾದ್ರೂ ಸತ್ತೋಗೈತಾ ಇವರದ್ದು?" ಎಂದು ಕೇಳಿದಳು. ಆಮೇಲೆ ಕಕ್ಕಸು ನೋಡಿ ಬಂದಳು. ಅಲ್ಲಿ ನೀರು ಹಾಕುವಂತಿಲ್ಲ, ಮರದ ಹೊಟ್ಟು ಉದುರಿಸಿ ಮುಚ್ಚಬೇಕು, ಅದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. "ಬಯಲಾಗೆ ಕೂತು ಮಣ್ಣು ಮುಚ್ಚೋದನ್ನ ಬಿಡ್ರಿ ಅಂತ ನಮ್ಮೂರಾಗೆ ಮನೆಮನೆಗೆ ಬಂದು ಹೇಳಿದ್ರು. ಇಲ್ಲಿ ಕರೆದು ಮಾಡಿಸ್ತಾರೆ," ಎಂದಳು. ಎರಡೂ ಒಂದೇ ಅಲ್ಲವೆಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. ನನ್ನ ವಿವರಣೆ ಮುಗಿಯುವ ಮೊದಲೇ ಅವಳು ಸೆಲ್ವಿಯ ಅಡುಗೆಮನೆಯಲ್ಲಿದ್ದಳು.

ಅವರಿಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವ್ವನದು ತೆಲುಗು, ಸೆಲ್ವಿಯದು ತಮಿಳು. ಅರ್ಧ ತಿಳಿದರೂ ಪೂರ್ತಿ ನಗುತ್ತಿದ್ದರು. ಒಂದು ದಿನ ಸೆಲ್ವಿ ಅವಳನ್ನು ರಾವಣನ ಹೆಸರಿನ ಜಲಪಾತಕ್ಕೆ ಕರೆದುಕೊಂಡು ಹೋದಳು. ಬಂದ ಅವ್ವ, "ಕದ್ದೋನಿಗೆ ಇಷ್ಟ್ ಚೆಂದದ ಜಾಗ," ಎಂದು ಬೇಜಾರು ಮಾಡಿಕೊಂಡಳು. ಅಲ್ಲಿಗೆ ಅವಳ ರಾಮಾಯಣ ಮುಗಿಯಿತು. ಇನ್ನು ಸೀರೆಯೊಂದು ಬಾಕಿ.

ಕಟಾಂಜನದ ಮೇಲೆ

ನಾವು ಹೊರಡುವ ಹಿಂದಿನ ಸಂಜೆ ಎಲ್ಲ ಅತಿಥಿಗಳಿಗೂ ಒಟ್ಟಿಗೆ ಊಟವೆಂದು ಲಾರ್ಸ್ ಹೇಳಿದ್ದ. ಅವತ್ತು ಉಡುವುದೆಂದು ಅವ್ವ ತೀರ್ಮಾನಿಸಿದಳು. ಬೆಳಿಗ್ಗೆ ಗಂಟು ಬಿಚ್ಚಿದರೆ ಬೆಟ್ಟದ ತೇವ ಪಂಚೆಗೆ ಇಳಿದಿತ್ತು. ನೇಕಾರರ ಮನೆಯವಳು ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಬಿಸಿಲು ತಾಗದ ಕಡೆ, ಜಗಲಿಗೆ ತಡೆಯಾಗಿದ್ದ ಮರದ ಕಟಾಂಜನದ ಮೇಲೆ ಸೀರೆಯನ್ನು ಉದ್ದಕ್ಕೆ ಹರಡಿ ಗಾಳಿಗೆ ಬಿಟ್ಟಳು. ಮಂಜಿನ ನಡುವೆ ಆ ಹಸಿರು, ಆ ಕೆಂಪು ಗೇಟಿನವರೆಗೆ ಕಾಣುತ್ತಿತ್ತು.

ಲಾರ್ಸ್ ಬಂದ. ಮೊದಲು ಹತ್ತಿರ ಹೋಗಿ ಅಂಚನ್ನು ಬಗ್ಗಿ ನೋಡಿದ. "ತುಂಬಾ ಸುಂದರವಾಗಿದೆ. ಇದು ರೇಷ್ಮೆಯೇ?" ಎಂದು ಕೇಳಿದ.

"ಹೌದು. ನಮ್ಮ ಅಪ್ಪ ಅಮ್ಮ ನೇಯ್ದದ್ದು," ಎಂದೆ, ಹೆಮ್ಮೆಯಿಂದ.

ಅವನು ಎದೆಯ ಮೇಲೆ ಕೈಯಿಟ್ಟ. ಒಂದು ಸೀರೆಗೆ ಎಷ್ಟೋ ಗೂಡುಗಳನ್ನು ಹುಳ ಒಳಗಿರುವಾಗಲೇ ಕುದಿಸುತ್ತಾರೆ, ಈ ಆವರಣದಲ್ಲಿ ಜೀವ ತೆಗೆದು ಮಾಡಿದ್ದು ಯಾವುದೂ ಇರಬಾರದೆಂದು ನಾವು ಮಾತು ಕೊಟ್ಟುಕೊಂಡಿದ್ದೇವೆ, ದಯವಿಟ್ಟು ತಪ್ಪು ತಿಳಿಯಬೇಡಿ, ಗೇಟಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತೇನೆ ಎಂದ. ದನಿ ಎತ್ತಲಿಲ್ಲ. ಅವ್ವನಿಗೆ ಚಳಿಯಾಗಬಾರದೆಂದು ತನ್ನ ಕೋಣೆಯಿಂದ ಒಂದು ಶಾಲು ತಂದುಕೊಟ್ಟ. ಹಳೆಯ ಪ್ಲಾಸ್ಟಿಕ್ ಬಾಟಲಿಗಳನ್ನು ಕರಗಿಸಿ ಮಾಡಿದ್ದಂತೆ.

ನಾನು ಅವ್ವನಿಗೆ ಎಲ್ಲ ಹೇಳಿದೆ. ಅವಳು ಶಾಲನ್ನು ಬೆರಳ ನಡುವೆ ಹೊಸೆದು ನೋಡಿ ಪಕ್ಕಕ್ಕಿಟ್ಟಳು.

"ಅಲ್ಲಿ ಗಂಡ ಸತ್ತ ಅಂತ ಉಡ್ಬ್ಯಾಡ ಅಂತಾರೆ. ಇಲ್ಲಿ ಹುಳ ಸತ್ತೈತೆ ಅಂತ ಉಡ್ಬ್ಯಾಡ ಅಂತಾರೆ. ಇಬ್ರನ್ನೂ ನಾನು ಸಾಯಿಸ್ಲಿಲ್ಲ ಅಂತ ಹೇಳು."

ಆಮೇಲೆ ತಾನೇ ತಿದ್ದಿಕೊಂಡು, "ಅಲ್ಲ, ಅದು ಸುಳ್ಳಾಗ್ತೈತೆ. ಹುಳ ಸಾಯ್ತಾವೆ. ನಾನು ನೋಡೀನಿ," ಎಂದಳು. ನಮ್ಮೂರಿಗೆ ನೂಲು ಸಿದ್ಧವಾಗಿಯೇ ಬರುತ್ತದೆ. ಗೂಡು ಕುದಿಸುವುದನ್ನು ಅವಳು ನೋಡಿದ್ದು ಯಾವಾಗಲೋ ರಾಮನಗರದ ಕಡೆ ಮದುವೆಗೆ ಹೋದಾಗ. ಅವತ್ತು ಮದುವೆ ಊಟಕ್ಕೆ ಕೂರಲೇ ಇಲ್ಲವಂತೆ. ಮರುದಿನ ಬಂದು ಮಗ್ಗದ ಪಕ್ಕ ಕೂತಳಂತೆ. "ಕೂರ್ದೆ ಏನ್ಮಾಡ್ಲಿ? ನಮ್ಗೂ ಹೊಟ್ಟೆ ಐತಲ್ಲ."

ನನಗೆ ತಡೆಯಲಾಗಲಿಲ್ಲ. "ನೀವು ವರ್ಷಕ್ಕೆ ಎಷ್ಟು ಸಲ ನಿಮ್ಮ ದೇಶಕ್ಕೆ ಹೋಗಿ ಬರುತ್ತೀರಿ? ಹೇಗೆ ಹೋಗುತ್ತೀರಿ?" ಎಂದು ಲಾರ್ಸನನ್ನು ಕೇಳಿದೆ. ಎರಡು ಸಲ, ವಿಮಾನದಲ್ಲಿ ಎಂದ. ನಾವು ಬಂದದ್ದು ಹೇಗೆ ಗೊತ್ತೇ ಎಂದೆ. ನಿಮ್ಮ ವಿಮಾನದ ಹೊಗೆಯಿಂದ ಸಾಯುವ ಹುಳಗಳ ಲೆಕ್ಕ ಯಾವ ಪೆಟ್ಟಿಗೆಯಲ್ಲಿಡುತ್ತೀರಿ ಎಂದೆ. ತರಗತಿಯಲ್ಲಿ ಕೂಗುವ ದನಿ ಅದು, ಬೇಕೆಂದರೂ ತಗ್ಗುವುದಿಲ್ಲ. ಅವನ ಮುಖ ಕೆಂಪಾಯಿತು. "ಅದು ನನಗೂ ನೋವಿನ ವಿಷಯ," ಎಂದ. ಗೆದ್ದೆ ಎಂದುಕೊಂಡೆ.

ಅವ್ವ ನನ್ನ ತೋಳು ಹಿಡಿದಳು. "ಏನ್ ಕೂಗಾಡ್ತೀಯಾ? ಅವನ ವಿಮಾನ ತಪ್ಪಾದ್ರೆ ನನ್ನ ಸೀರೆ ಸರಿ ಆಗ್ತೈತಾ? ಅವನ ಮನೆ, ಅವನ ಕಟ್ಟಲೆ. ನನ್ನ ಸೀರೆ, ನನ್ನ ಮೈ. ಊಟಕ್ಕೆ ಒಳಗೆ ಕರೀದಿದ್ರೆ ಹೊರಗೆ ಕೂರ್ತೀನಿ ಅಂತ ಹೇಳು. ಉಡೋದಂತೂ ಉಡ್ತೀನಿ."

ಅದನ್ನು ಹಾಗೆಯೇ ದಾಟಿಸಿದೆ. ಊಟದ ಮನೆಯ ಒಳಗಂತೂ ಆಗದು ಎಂದಷ್ಟೇ ಹೇಳಿ ಲಾರ್ಸ್ ಹೋದ.

ವಿಷಯ ತಿಳಿದು ಸೆಲ್ವಿ ಓಡಿ ಬಂದಳು. ಸಂಜೆ ತೋಟದವರ ಗುಡಿಗೆ, ಕೋವಿಲಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಉಡಲಿ, ವಾಪಸು ಬರುವಾಗ ಗೇಟಿನ ಹೊರಗೆ ಬದಲಿಸಲಿ, ಯಾರಿಗೂ ತೊಂದರೆಯಿಲ್ಲ ಎಂದಳು. ಒಳ್ಳೆಯ ಉಪಾಯವೆಂದು ನನಗೂ ಅನ್ನಿಸಿತು. ಅವ್ವ ಸೀರೆಯ ಅಂಚು ನೇವರಿಸುತ್ತಾ ಬೇಡವೆಂದು ತಲೆಯಾಡಿಸಿದಳು. "ಬಾಗ್ಲಾಚೆ ಉಟ್ಟು ಬಾಗ್ಲೊಳಗೆ ಬಿಚ್ಚಿಡೋದಾಗಿದ್ರೆ ಮೊಳಕಾಲ್ಮೂರಾಗೇ ಮಾಡ್ತಿದ್ದೆ."

ನಮ್ಮ ಕಡೆ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಬಂಡೆಯಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ಹೇಳಬೇಕು ಎಂಬುದು ಅದರ ಸಾರ. ಮೂರೂ ಒಟ್ಟಿಗೆ ಎದುರಾದರೆ ಏನು ಮಾಡಬೇಕೆಂದು ಬಂಡೆಯಲ್ಲಿಲ್ಲ. ಸತ್ಯವನ್ನು ಅವ್ವ ಆಗಲೇ ಹೇಳಿಯಾಗಿತ್ತು. ಉಳಿದ ಎರಡರಲ್ಲಿ ಅವತ್ತು ಸಂಜೆ ನಾನು ಮೊದಲನೆಯದನ್ನು ಆರಿಸಿಕೊಂಡೆ. ಅದಕ್ಕಾಗಿ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಮೆಟ್ಟಿಲು

ಬೆಳಕಿರುವಾಗಲೇ ಅವ್ವ ಉಟ್ಟು ಹೊರಗೆ ಬಂದಳು. ಅವಳನ್ನು ನಾನು ಹಾಗೆ ನೋಡಿ ಎಷ್ಟೋ ವರ್ಷವಾಗಿತ್ತು. ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದೇ ಬರೆಯುತ್ತಿದ್ದೇನೆ. ಮಾಸಲು ಕಾಟನ್ ಸೀರೆಯಲ್ಲಿ ಕುಗ್ಗಿ ಕುಗ್ಗಿ ನಡೆಯುತ್ತಿದ್ದವಳು ನೆರಿಗೆ ಚಿಮ್ಮಿಸುತ್ತಾ ಊಟದ ಮನೆಯವರೆಗೆ ಬಂದು, ಒಳಗೆ 'ನಮಸ್ಕಾರ್ರೀ' ಎಂದು ಕೈ ಮುಗಿದು, ಹೊಸಿಲು ದಾಟದೆ ಮೆಟ್ಟಿಲ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.

ಒಳಗಿನವರೆಲ್ಲ ತಿರುಗಿ ನೋಡಿದರು. ಸ್ವಲ್ಪ ಹೊತ್ತಿಗೆ ಲಾರ್ಸ್ ಒಂದು ಕುರ್ಚಿ ಎತ್ತಿಕೊಂಡು ಬಂದ. ಅವನ ಕಟ್ಟಲೆ ಅವನು ಮುರಿಯಲಿಲ್ಲ, ಅವ್ವನನ್ನು ನೆಲದ ಮೇಲೆ ಕೂರಿಸಿ ತಾನು ಮೇಜಿನ ಮೇಲೆ ಉಣ್ಣಲೂ ಅವನಿಗೆ ಆಗಲಿಲ್ಲ. "ಕುರ್ಚಿ ಬ್ಯಾಡಪ್ಪ, ಮೆಟ್ಲು ಚೆನ್ನಾಗೈತೆ. ನೀನು ಹೋಗಿ ಊಟ ಮಾಡು, ಆರೋಗ್ತೈತೆ," ಎಂದಳು ಅವ್ವ ಕನ್ನಡದಲ್ಲೇ. ಅವನು ಕುರ್ಚಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಅದರ ಮೇಲೆ ಸೆಲ್ವಿ ಅನ್ನದ ಪಾತ್ರೆ ಇಟ್ಟಳು, ನಮಗೆ ಬಡಿಸಿ ತಾನೂ ಒಂದು ತಟ್ಟೆ ಹಿಡಿದು ಕೆಳಗಿನ ಮೆಟ್ಟಿಲಲ್ಲಿ ಕೂತಳು. ಅವ್ವನ ಅಂಚನ್ನು ಮುಟ್ಟಿ ನೋಡುವ ಮೊದಲು ಅವಳು ಕೈ ತೊಳೆದು ಬಂದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಅಂಚಿನ ಉದ್ದಕ್ಕೂ ಬುಗುಡಿಯ ಸಾಲು, ಸಣ್ಣ ಗೋಪುರಗಳ ಹಾಗೆ. ಅವ್ವ ಒಂದು ಕಡೆ ಬೆರಳಿಟ್ಟಳು. ಅಲ್ಲಿ ಒಂದು ಬುಗುಡಿ ಇರಲಿಲ್ಲ. ಆ ಖಾಲಿ ಜಾಗವನ್ನು ನಾನು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ.

"ಅವತ್ತು ನಿಮ್ಮಪ್ಪನ ಜೊತೆ ಜಗಳ ಕಣೇ. ಊರೋರ ಹೆಂಡ್ರಿಗೆಲ್ಲ ನೇಯ್ತೀಯ, ನನಗೆ ಅಂತ ಒಂದಾದ್ರೂ ನೇಯ್ದಿದೀಯಾ ಅಂದೆ. ಒಂದು ಬುಗುಡಿ ಬಿಟ್ಟು ಮುಂದಕ್ಕೆ ಹೋದ. ತಪ್ಪಾಗೈತೆ, ಬಿಚ್ಚು ಅಂದೆ. ಒಂದು ಎಳೆ ತಪ್ಪಿದ್ರೂ ಬಿಚ್ಚೋನು, ಅವತ್ತು ಬಿಚ್ಲಿಲ್ಲ. ನೂಲು ಕೊಡೋ ಸಾವ್ಕಾರ ನೋಡಿ, ಇದು ಬ್ಯಾಡ, ನೀವೇ ಇಟ್ಕಳ್ರಿ ಅಂತ ವಾಪಸ್ ಕೊಟ್ಟ. ಹಂಗೆ ಇದು ನಂದಾಯ್ತು."

"ಬೇಕಂತಲೇ ಬಿಟ್ಟನಾ ಅಪ್ಪ?"

"ಕಣ್ಣು ಮಂಜಾಗಿತ್ತೋ, ಬೇಕಂತ್ಲೇ ಬಿಟ್ನೋ. ಕೇಳಣ ಅಂದ್ಕೊಂಡೆ, ಕೇಳ್ಲಿಲ್ಲ. ಕೇಳೋಷ್ಟ್ರಾಗೆ ಹೋಗ್ಬಿಟ್ಟ."

ಸೆಲ್ವಿಗೆ ಮಾತು ತಿಳಿಯಲಿಲ್ಲವಾದರೂ ಉಣ್ಣುವುದು ನಿಲ್ಲಿಸಿದ್ದಳು. ಅವ್ವ ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಸೆರಗನ್ನು ಮಡಿಲಿಗೆ ಎಳೆದುಕೊಂಡಳು.

"ಆ ಹುಡುಗಿಗೆ ಇದನ್ನ ಕೊಡಲ್ಲ. ಯಾರೂ ನೋಡದ ಊರು ಅಂತ ಇಷ್ಟ್ ದೂರ ಬಂದೆ. ಇಲ್ಲೂ ನೋಡೋರು ಇದ್ದೇ ಇದಾರೆ. ಎಲ್ಲಾ ಕಡೆ ನೋಡೋರು ಇರೋದಾದ್ರೆ ನಮ್ಮೂರಾಗೇ ಉಡ್ಬೋದಲ್ಲ."

ಮತ್ತೆ ಮೊಳಕಾಲ್ಮೂರು

ವಾಪಸು ಬರುವಾಗಲೂ ಹಡಗು, ವಾಪಸು ಬರುವಾಗಲೂ ನನಗೇ ವಾಂತಿ. ಮುಂದಿನ ಸಲವೂ ಹಡಗಿನಲ್ಲೇ ಹೋಗುತ್ತೇನೆ. ಗಣಿತದ ಮೇಷ್ಟ್ರು ಏನು ಬೇಕಾದರೂ ಅಂದುಕೊಳ್ಳಲಿ. ಲಾರ್ಸನ ಬಗ್ಗೆ ಕೂಡ ನನಗೆ ಸಿಟ್ಟಿಲ್ಲ. ಹೊರಡುವಾಗ ಅವನು ನನ್ನ ಚಪ್ಪಲಿಗಳನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಒರೆಸಿ, ಜೋಡಿಸಿಟ್ಟಿದ್ದ. ನಂಬಿದ್ದನ್ನು ಬಿಡದವರನ್ನು ಕಂಡರೆ ನನಗೆ ಗೌರವವಿದೆ. ಅವನ ಮಾತಿಗೆ ನಾವು ಬಗ್ಗಬೇಕೆಂದು ಅದರ ಅರ್ಥವಲ್ಲ.

ಚಳ್ಳಕೆರೆಯ ನಮ್ಮ ಮನೆಯಲ್ಲಿ ಒಂದು ದಿನ ಉಳಿದೆವು. ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಿ ಕೋಣೆಗೆ ಹೋದವಳು ಆ ಸೀರೆಯಲ್ಲೇ ಹೊರಗೆ ಬಂದಳು. ನಮ್ಮ ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್, "ಎಲ್ಲಿ ಮದ್ವೇನಮ್ಮಾ?" ಎಂದು ಕೇಳಿದ. "ನಮ್ಮನೇದೇ, ಇನ್ನೂ ಮುಂದೈತೆ," ಎಂದಳು ಅವ್ವ. ಮೊಳಕಾಲ್ಮೂರಿಗೆ ಮುಂಚಿನ ಹಾನಗಲ್ ದಾಟಿದ ಮೇಲೆ ಅವಳು ನನ್ನ ಹತ್ತಿರಕ್ಕೆ ಸರಿದಳು. ನನ್ನ ಕೈ ಹಿಡಿದುಕೊಂಡಿದ್ದಳು, ಅಂಗೈ ಬೆವರಿತ್ತು. ಅವಳಿಗೆ ಭಯವಿತ್ತು. ಲಂಕೆಯಲ್ಲಿ ಒಮ್ಮೆಯೂ ಹೀಗೆ ಬೆವರಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ ಕಾಯುತ್ತಿದ್ದರು. ನಗುತ್ತಾ ಬ್ಯಾಗಿಗೆ ಕೈ ಚಾಚಿದವರು ಹಾಗೇ ನಿಂತರು. ಹೂವಿನಂಗಡಿಯ ಹೆಂಗಸು ಮಾಲೆ ಕಟ್ಟುವುದು ಬಿಟ್ಟು ನೋಡಿದಳು. ಚಹಾ ಕುಡಿಯುತ್ತಿದ್ದ ಇಬ್ಬರು ತಿರುಗಿದರು.

"ಏನ್ರಿ ಅತ್ತಿಗೆ ಇದು?"

"ಸೀರೆ ಕಣೋ ತಿಪ್ಪೇಸಿ. ನಿಮ್ಮಣ್ಣ, ನಾನು ನೇಯ್ದಿದ್ದು."

"ಸೊಸೆಗೆ ಅಂತ ಮಾತಾಗಿತ್ತಲ್ರಿ?"

"ಸೊಸೆಗೆ ಹೊಸದು ನೇಯಣ. ನೀನು ಕೂರು, ಅಂಚಿನ ಲಾಳಿ ನಾನು ಎಸಿತೀನಿ. ಒಂದು ಬುಗುಡಿನೂ ತಪ್ಪದಂಗೆ ನೇಯಣ."

ಚಿಕ್ಕಪ್ಪ ಸುತ್ತ ನೋಡಿ ದನಿ ತಗ್ಗಿಸಿದರು. "ಅದಲ್ರಿ ಅತ್ತಿಗೆ. ಜನ ಏನಂತಾರೆ?"

ಅವ್ವ ನನ್ನ ಕೈ ಬಿಟ್ಟು ಸೆರಗು ಹೊದ್ದುಕೊಂಡಳು. "ಲಂಕೇಲೂ ಅಂದ್ರು, ಕೇಳ್ಕೊಂಡು ಬಂದೀನಿ. ಇಲ್ಲೂ ಅನ್ಲಿ, ಕೇಳ್ತೀನಿ. ಉಟ್ಕೊಂಡೇ ಕೇಳ್ತೀನಿ."

ಚಿಕ್ಕಪ್ಪನ ಗಾಡಿ ಹತ್ತಲಿಲ್ಲ. ಬ್ಯಾಗು ಅವರಿಗೆ ಕೊಟ್ಟು ನಡೆದೇ ಹೊರಟಳು. ನಮ್ಮ ಕೇರಿಯಲ್ಲಿ ಎರಡೂ ಬದಿಗೆ ಮನೆಮನೆಯಲ್ಲಿ ಮಗ್ಗ. ಅವಳು ಒಂದೊಂದು ಬಾಗಿಲು ದಾಟಿದಂತೆ ಒಂದೊಂದು ಮಗ್ಗದ ಸದ್ದು ನಿಲ್ಲುತ್ತಿತ್ತು, ಬಾಗಿಲಿಗೆ ಮುಖಗಳು ಬರುತ್ತಿದ್ದವು. ಅವ್ವ ಯಾರನ್ನೂ ತಪ್ಪಿಸದೆ ಎಲ್ಲರ ಕಡೆಗೂ ನೋಡಿ, ಚೆನ್ನಾಗಿದೀರಾ ಎಂದು ಕೇಳುತ್ತಾ ಹೋದಳು. ನಾವು ನಮ್ಮ ಮನೆ ಮುಟ್ಟುವಷ್ಟರಲ್ಲಿ ಹಿಂದೆ ಮಗ್ಗಗಳು ಮತ್ತೆ ಶುರುವಾಗಿದ್ದವು.